ಒಂದು ಫುಲ್‌ಗೆ ಎಷ್ಟು ಲಾರ್ಜ್?

‘ಎಕ್ಸ್‌ಪೀರಿಯನ್ಸ್ ಉಂಟಾ?’

ಕುಂದಾಪುರದ ಕಡೆಯ ಶೆಟ್ರು ಹಿಂದಿನ ದಿನದ ಬಿಲ್ಲುಗಳನ್ನು ಒಂದೊಂದಾಗಿ ತಂತಿಗೆ ಚುಚ್ಚುತ್ತ, ನನ್ನ ಮುಖ ನೋಡದೆಯೇ ಕೇಳಿದರು.

‘ಐತ್ರಿ. ಎರಡ ವರ್ಷ. ದಾವಣಗೆರ್ಯಾಗ ಮಾಡೀನ್ರಿ.’

2007ರ ಸೆಪ್ಟೆಂಬರ್. ನನಗೆ ಇಪ್ಪತ್ತು. ಅಲ್ಲಿಯವರೆಗೆ ನಾನು ದಾವಣಗೆರೆಯಲ್ಲಿ ಮಾಡಿದ ಕೆಲಸ ಎರಡೇ: ಬೆಣ್ಣೆದೋಸೆ ತಿಂದದ್ದು ಮತ್ತು ಸಿನಿಮಾ ನೋಡಿದ್ದು.

‘ಕೌಂಟರ್‌ನಲ್ಲಿ ನಿಂತಿದ್ದೀಯಾ?’

‘ನಿಂತೀನ್ರಿ.’

‘ಒಂದು ಫುಲ್‌ಗೆ ಎಷ್ಟು ಲಾರ್ಜ್ ಮಾರಾಯ?’

‘ಹನ್ನೆರಡ್ರಿ.’

ಶೆಟ್ರು ಆಗ ತಲೆ ಎತ್ತಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ನಾಳೆಯಿಂದ ಬಾ ಎಂದರು. ಹೊಸಬರಾದರೆ ತಿಂಗಳಿಗೆ 1,200 ರೂಪಾಯಿ, ಅನುಭವ ಇದ್ದವರಿಗೆ 1,800. ಊಟ, ಮೇಲಿನ ಮಹಡಿಯಲ್ಲಿ ಮಲಗಲು ಜಾಗ. ಒಡೆದ ಗ್ಲಾಸಿನ ದುಡ್ಡು ಸಂಬಳದಲ್ಲಿ ಕಟ್. ಇಷ್ಟೇ ನಮ್ಮ ನೇಮಕಾತಿ ಪತ್ರ. ಕೆಲಸಕ್ಕೆ ಸೇರಿದವನಿಗೆ ಬರಹದಲ್ಲಿ ಆದೇಶ ಕೊಡಬೇಕು ಎಂದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಶೆಟ್ರಿಗೆ ಆಗಲೇ ತಿಳಿದಿತ್ತೇನೋ.

ಆ ಎರಡು ವರ್ಷವನ್ನು ನನ್ನ ಅಳತೆಗೆ ಹೊಲಿದು ಕೊಟ್ಟವನು ದೊಡ್ಡಪ್ಪನ ಮಗ. ಅವನು ನಿಜವಾಗಿಯೂ ದಾವಣಗೆರೆಯ ಬಾರಿನಲ್ಲಿ ದುಡಿದವನು. ‘ಒಂದ ವರ್ಷ ಅಂದ್ರ ಇನ್ನೂ ಕಲಿಯಾಕ ಹತ್ಯಾನ ಅಂತಾರ. ಮೂರು ಅಂದ್ರ ಯಾಕ ಬಿಟ್ಟಿ ಅಂತ ಕೇಳ್ತಾರ. ಎರಡು ಅನ್ನು. ಎರಡಕ್ಕ ಯಾರೂ ಏನೂ ಕೇಳೂದಿಲ್ಲ’ ಎಂದಿದ್ದ. ಸ್ಮಾಲ್ ಅಂದರೆ 30 ಎಂ.ಎಲ್., ಲಾರ್ಜ್ ಅಂದರೆ 60, ನೈಂಟಿ ಅಂದರೆ ಅದೇ, ಕ್ವಾರ್ಟರ್ 180, ಹಾಫ್ 375, ಫುಲ್ 750. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಾಡಿದೆ. ಕೊನೆಗೆ ಅವನು, ‘ಫುಲ್‌ಗೆ ಹನ್ನೆರಡು ಲಾರ್ಜ್, ಮರೀಬ್ಯಾಡ’ ಎಂದ. ಭಾಗಾಕಾರ ಮಾಡಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಬಿ.ಎ. ಎರಡನೇ ವರ್ಷದಲ್ಲಿ ಎರಡು ಸಬ್ಜೆಕ್ಟು ಉಳಿಸಿಕೊಂಡವನಿಗೆ ಹೊಳೆಯಬೇಕೂ ಇರಲಿಲ್ಲ.

ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಮ್ಮೂರ ಜಾತ್ರೆಯಲ್ಲಿ ಆರು ದಿನ ಸೋಡಾದ ಅಂಗಡಿಯಲ್ಲಿ ನಿಂತಿದ್ದೆ. ಮದುವೆ ಮನೆಗಳಲ್ಲಿ ಪಂಕ್ತಿಗೆ ಬಡಿಸಿ ಅಭ್ಯಾಸವಿತ್ತು. ಸಾರಿನ ಬಕೆಟ್ಟು ಹಿಡಿದು ಇನ್ನೂರು ಜನರ ನಡುವೆ ಓಡಾಡಿ ಒಬ್ಬರ ಧೋತರಕ್ಕೂ ಹನಿ ಸಿಡಿಸದವನು ನಾನು. ಆ ಆರು ದಿನವನ್ನು ಎಳೆದು ಎರಡು ವರ್ಷ ಮಾಡಿದೆ. ಹಿಂಜಿದ ಹತ್ತಿಯೂ ರಾಶಿಯಾಗಿಯೇ ಕಾಣುತ್ತದಲ್ಲ, ಹಾಗೆ.

ಬಾರು ಇದ್ದದ್ದು ಕುಮಾರಪಟ್ಟಣದಲ್ಲಿ. ನೋಡದವರಿಗೆ ಊರಿನ ಗುರುತು ಹೇಳಬೇಕು. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ದಾವಣಗೆರೆ ಜಿಲ್ಲೆ ಮುಗಿದು ಹಾವೇರಿ ಜಿಲ್ಲೆ. 1997ಕ್ಕೆ ಮುಂಚೆ ಆಚೆ ಚಿತ್ರದುರ್ಗ, ಈಚೆ ಧಾರವಾಡ. ಅದಕ್ಕೂ ಮುಂಚೆ ಆಚೆ ಮೈಸೂರು ಸಂಸ್ಥಾನ, ಈಚೆ ಮುಂಬೈ ಪ್ರಾಂತ್ಯ. 1868ರಲ್ಲಿ ಕಟ್ಟಿದ ಹದಿನಾಲ್ಕು ಕಮಾನಿನ ಹಳೇ ಸೇತುವೆ ಎರಡು ಸರ್ಕಾರಗಳನ್ನು ಜೋಡಿಸಿತ್ತು. ಈಚೆ ದಡಕ್ಕೆ 1949ರ ಮುಂಬೈ ಪಾನನಿಷೇಧ ಕಾಯ್ದೆ ಅನ್ವಯಿಸಿತ್ತು ಎಂಬುದನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ. ಮುಂಬೈಯಲ್ಲಿ ಬಾರುಗಳಿಗೆ ಇಂದಿಗೂ ‘ಪರ್ಮಿಟ್ ರೂಮ್’ ಎಂಬ ಬೋರ್ಡು ಉಳಿದಿರುವುದು ಅದೇ ಕಾಯ್ದೆಯ ದೆಸೆಯಿಂದ. ನಮ್ಮಲ್ಲಿ ಆ ಬೋರ್ಡು ಉಳಿಯಲಿಲ್ಲ. 1965ರ ಅಬಕಾರಿ ಕಾಯ್ದೆಯ ಕೆಳಗೆ ಸನ್ನದುಗಳು ಬಂದವು. ಬಾರಿನದು ಸಿಎಲ್-9. ನಿಯಮದ ಭಾಷೆಯಲ್ಲಿ ಅದರ ಹೆಸರು ‘ರಿಫ್ರೆಶ್‌ಮೆಂಟ್ ರೂಮ್’. ನಾನು ಕೆಲಸಕ್ಕೆ ಸೇರಿದ್ದು ಕಾಗದದ ಪ್ರಕಾರ ದಣಿವಾರಿಸಿಕೊಳ್ಳುವ ಕೋಣೆಗೆ.

ಊರಿಗೆ ಅನ್ನ ಕೊಡುವುದು ಕಂಪನಿ. ಹರಿಹರ ಪಾಲಿಫೈಬರ್ಸ್ ಮತ್ತು ಗ್ರಾಸಿಲೀನ್, ಎರಡೂ ಗ್ರಾಸಿಮ್‌ನವು, ಎಪ್ಪತ್ತರ ದಶಕದಲ್ಲಿ ಬಂದವು. ಹೆಸರಿನಲ್ಲಿ ಹರಿಹರವಿದ್ದರೂ ಇರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ. ನೀಲಗಿರಿ ಮರ ಒಂದು ಕಡೆ ಒಳಗೆ ಹೋಗಿ ತಿರುಳಾಗಿ, ಆ ತಿರುಳು ಗಂಧಕದ ರಸಾಯನಗಳಲ್ಲಿ ಮಿಂದು ಬಟ್ಟೆಯ ನಾರಾಗಿ ಇನ್ನೊಂದು ಕಡೆಯಿಂದ ಹೊರಬರುತ್ತದೆ. ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಊರವರು ಮೂಗು ಮುಚ್ಚಿಕೊಂಡವರನ್ನು ನೋಡಿ ನಗುತ್ತಾರೆ. ನದಿಗೆ ಬಿಟ್ಟ ನೀರಿನ ಬಗ್ಗೆ, ನೀಲಗಿರಿ ನೆಡಲು ಗೋಮಾಳ ಕೊಟ್ಟದ್ದರ ಬಗ್ಗೆ ಎಂಬತ್ತರ ದಶಕದಲ್ಲಿ ಇಲ್ಲಿ ದೊಡ್ಡ ಹೋರಾಟ ನಡೆಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ನಮ್ಮ ಅಪ್ಪನ ವಯಸ್ಸಿನವರು ಇನ್ನೂ ನೆನೆಯುತ್ತಾರೆ. ನಾವು ಹುಡುಗರು ಕಂಪನಿಯ ಗೇಟನ್ನು ನೋಡುತ್ತಿದ್ದ ರೀತಿ ಬೇರೆ. ಒಳಗೆ ಕಾಯಂ ಆದವನಿಗೆ ಹೆಣ್ಣು ಸಿಗುತ್ತದೆ. ಒಳಗೆ ಹೋಗಲು ಐಟಿಐ ಬೇಕು, ಸರ್ಟಿಫಿಕೇಟಿನ ಮೂರು ಝೆರಾಕ್ಸ್ ಬೇಕು, ಗುರುತಿನವರು ಬೇಕು. ಇವು ಮೂರೂ ಇಲ್ಲದವನಿಗೆ ಬಾಯಿ ಇತ್ತು. ಬಾಯಿ ನಡೆಯುವ ಜಾಗ ಬಾರು.

ಸೇರಿದ ಮೊದಲ ಸಂಜೆಯೇ ನನಗೆ ಒಂದು ಸಂಗತಿ ಅರ್ಥವಾಯಿತು. ನಾನು ಹೇಳಿದ ಸುಳ್ಳಿಗೆ ಬೆಲೆ ಇತ್ತು, ಮತ್ತು ಅದು ಸಿಕ್ಕಿಬೀಳುವ ಭಯವಲ್ಲ. ಇನ್ನು ಮೇಲೆ ನಾನು ಯಾರನ್ನೂ ಏನನ್ನೂ ಕೇಳುವ ಹಾಗಿರಲಿಲ್ಲ.

ನನ್ನ ಜೊತೆ ಅದೇ ವಾರ ಸೇರಿದ ಹಿರೇಕೆರೂರು ಕಡೆಯ ಹುಡುಗನೊಬ್ಬನಿದ್ದ, ಕ್ಲೀನರ್. ಅವನು ದಿನವಿಡೀ ಕೇಳುತ್ತಿದ್ದ. ಈ ಗ್ಲಾಸು ಯಾತಕ್ಕ? ಆ ಬಾಟ್ಲಿ ಯಾಕ ಫ್ರಿಡ್ಜಿನ್ಯಾಗ ಇಟ್ಟಿಲ್ಲ? ಆಮ್ಲೆಟ್ಟಿಗೆ ಚೀಟಿ ಎಲ್ಲಿ ಕೊಡಬೇಕು? ಎಲ್ಲರೂ ಬೈಯುತ್ತಲೇ ಹೇಳಿಕೊಡುತ್ತಿದ್ದರು. ಹೊಸಬನ ಪ್ರಶ್ನೆಗೆ ಬೈಗುಳ ಒಂದೇ ತೆರಿಗೆ. ನನಗೆ ಅವನ ಮೇಲೆ ಎಂಥ ಹೊಟ್ಟೆಕಿಚ್ಚು! ಅವನು ಪ್ರಶ್ನೆ ಕೇಳಿದಾಗಲೆಲ್ಲ ನಾನು ಟೇಬಲ್ ಒರೆಸುವ ನೆವದಲ್ಲಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ನನ್ನ ಅರ್ಧ ವಿದ್ಯೆ ಅವನ ಬಾಯಿಯಿಂದ ಬಂದದ್ದು. ಕೆಲವೊಮ್ಮೆ ನಾನೇ ಅವನಿಗೆ, ‘ಹೋಗಿ ಅಜ್ಜನ್ನ ಕೇಳು, ಬಿಯರ್ ಬಾಟ್ಲಿ ಎದಕ್ಕ ಗ್ಲಾಸ್ ಓರೆ ಮಾಡಿ ಸುರೀತಾರ ಅಂತ’ ಎಂದು ಕಳಿಸುತ್ತಿದ್ದೆ.

ಅಜ್ಜ ಎಂದರೆ ಹಿರಿಯ ಸಪ್ಲೈಯರ್. ಬೈಂದೂರಿನ ಕಡೆಯವರು. ಶೆಟ್ರಿಂದ ಹಿಡಿದು ಮೀನಿನವನವರೆಗೆ ಎಲ್ಲರಿಗೂ ಅಜ್ಜ. ಎರಡೂ ಕೈಯಲ್ಲಿ ಆರು ಗ್ಲಾಸು, ಮೊಣಕೈ ಮೇಲೆ ಶೇಂಗಾ ಮಸಾಲೆಯ ತಟ್ಟೆ, ಹೆಗಲ ಮೇಲೆ ಒರೆಸುವ ಬಟ್ಟೆ. ಯಾವ ಟೇಬಲ್ಲಿಗೆ ಎಷ್ಟಾಗಿದೆ ಎಂಬುದು ಬರೆದುಕೊಳ್ಳದೆ ತಲೆಯಲ್ಲಿ. ಗಿರಾಕಿಯ ಎದುರಿಗೇ ಸೀಲು ಮುರಿಯಬೇಕು, ಆ ಮುರಿಯುವ ಸದ್ದು ಅವನಿಗೆ ಕೇಳಬೇಕು. ನೀರಿನ ಜಗ್ಗು ಕೇಳುವ ಮುಂಚೆ ಇಡಬೇಕು, ಬಿಲ್ಲು ಕೇಳಿದ ಮೇಲೇ ಇಡಬೇಕು. ಎರಡನೇ ಲಾರ್ಜ್‌ ಆದಮೇಲೆ ಗಿರಾಕಿ ಹೇಳಿದ್ದಕ್ಕೆಲ್ಲ ಹೌದು ಅನ್ನಬೇಕು, ನಾಲ್ಕನೆಯದರ ಮೇಲೆ ಏನನ್ನೂ ಅನ್ನಬಾರದು. ಇವನ್ನೆಲ್ಲ ಅವರು ಕ್ಲೀನರ್ ಹುಡುಗನಿಗೆ ಹೇಳಿದರು. ನನಗೆ ಹೇಳಲಿಲ್ಲ. ನನಗೆ ಹೇಳುವ ಅಗತ್ಯವಾದರೂ ಏನು?

ಆ ವರ್ಷ ಬಾರುಗಳಿಗೆ ಕೈ ಬೇಕಾಗಿದ್ದಕ್ಕೆ ಕಾರಣವಿತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಸಚಿವರು. ಹಳ್ಳಿಹಳ್ಳಿಯ ಸಾರಾಯಿ ಅಂಗಡಿಗಳಿಗೆ ಒಂದೇ ದಿನ ಬೀಗ. ಕುಡಿತ ನಿಲ್ಲಲಿಲ್ಲ, ದಾರಿ ಬದಲಿಸಿ ನಮ್ಮ ಬಾಗಿಲಿಗೆ ಬಂತು. ಕೊಟ್ಟೆಯ ಮೂಲೆ ಹಲ್ಲಿನಲ್ಲಿ ಕಚ್ಚಿ, ನಿಂತಲ್ಲೇ ಬಾಯಿಗೆ ಹಿಂಡಿಕೊಂಡು, ಬಾಯಿ ಒರೆಸಿಕೊಂಡು ಹೊಲಕ್ಕೋ ಲಾರಿ ತುಂಬಲಿಕ್ಕೋ ಹೋಗುತ್ತಿದ್ದವರು ಅವರು. ಅವರಿಗೆ ಕುರ್ಚಿ ಬೇಕಿರಲಿಲ್ಲ, ಗ್ಲಾಸೂ ಬೇಕಿರಲಿಲ್ಲ. ಸೋಡಾ ಅಂದರೆ ದಂಡ. ‘ಪ್ಯಾಕೆಟ್ ಕೊಡಪಾ’ ಎಂದು ಹತ್ತರ ನೋಟು ಚಾಚುತ್ತಿದ್ದರು. ಇಲ್ಲ ಅಂದರೆ, ಹಾಗಾದರೆ ಇಷ್ಟಕ್ಕೆ ಏನು ಬರುತ್ತದೋ ಅದನ್ನು ಕೊಡು ಎನ್ನುತ್ತಿದ್ದರು. ಅವರ ಪಕ್ಕದ ಟೇಬಲ್ಲಿನಲ್ಲಿ ಪಾಳಿ ಮುಗಿಸಿ ಬಂದ ಕಂಪನಿ ನೌಕರರು, ಅವರ ಆಚೆ ಹಾಸನಕ್ಕೋ ಹುಬ್ಬಳ್ಳಿಗೋ ಹೊರಟ ಲಾರಿಯವರು. ಮೂರು ಜಗತ್ತು ಒಂದೇ ಫ್ಯಾನಿನ ಕೆಳಗೆ. ಸಾರಾಯಿ ಗಿರಾಕಿಗಳೂ ನನ್ನ ಹಾಗೆಯೇ ಬಾರಿಗೆ ಹೊಸಬರು. ಅವರು ಮಾತ್ರ ಅದನ್ನು ಮುಚ್ಚಿಡಲಿಲ್ಲ. ‘ಇದನ್ನ ಹೆಂಗ ಕುಡೀಬೇಕೋ ತಮ್ಮಾ?’ ಎಂದು ಒಬ್ಬ ಮುದುಕ ನನ್ನನ್ನೇ ಕೇಳಿದ. ನಾನು ಎರಡು ವರ್ಷದ ಅನುಭವದ ದನಿಯಲ್ಲಿ, ‘ನೀರು ಹಾಕ್ಕೊಂಡು ನಿಧಾನಕ್ಕ’ ಎಂದೆ. ನಾನು ಅಂದಿನವರೆಗೆ ಒಂದು ಹನಿ ಕುಡಿದವನಲ್ಲ.

ಹಾಗೂ ಹೀಗೂ ಎರಡು ವಾರ ದಾಟಿತು. ಸೆಪ್ಟೆಂಬರ್ 24ರ ಸೋಮವಾರ ಬಂತು.

ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟಿ-20 ವಿಶ್ವಕಪ್‌ ಫೈನಲ್, ಎದುರಿಗೆ ಪಾಕಿಸ್ತಾನ. ಶೆಟ್ರು ಹಳೆಯ ಟಿ.ವಿ.ಯನ್ನು ಮಾಳಿಗೆಗೆ ಸಾಗಿಸಿ ದೊಡ್ಡದೊಂದನ್ನು ಬಾಡಿಗೆಗೆ ತರಿಸಿದ್ದರು. ಸಂಜೆಯ ಹೊತ್ತಿಗೆ ಒಳಗೆ ಕಾಲಿಡಲು ಜಾಗವಿಲ್ಲ. ಕೌಂಟರ್‌ನವನಿಗೆ ಅದೇ ದಿನ ಜ್ವರ. ಶೆಟ್ರು ನನ್ನ ಕಡೆ ಬೆರಳು ತೋರಿಸಿ, ‘ನೀನು ನಿಂತಿದ್ದೀಯಲ್ಲ, ನಿಲ್ಲು’ ಎಂದರು.

ಭಾರತ ಐದು ವಿಕೆಟ್‌ಗೆ 157. ಪಾಕಿಸ್ತಾನದ ಒಂದೊಂದು ವಿಕೆಟ್‌ ಬಿದ್ದಾಗಲೂ ಹತ್ತು ದನಿ ಒಟ್ಟಿಗೆ ಲಾರ್ಜ್ ಕೂಗುತ್ತಿದ್ದವು. ಅಳತೆಯ ಪೆಗ್ಗು ಹುಡುಕುವಷ್ಟರಲ್ಲಿ ಇನ್ನೂ ಹತ್ತು. ಪೆಗ್ಗನ್ನು ಪಕ್ಕಕ್ಕಿಟ್ಟು ಕಣ್ಣಂದಾಜಿನಲ್ಲಿ ಸುರಿಯತೊಡಗಿದೆ. ಮದುವೆ ಮನೆಯ ಕೈ ನೋಡಿ, ಧಾರಾಳವಾಗಿತ್ತು. ಗಿರಾಕಿಗಳ ಕಣ್ಣು ಟಿ.ವಿ.ಯ ಮೇಲಿದ್ದರೂ ಗ್ಲಾಸಿನಲ್ಲಿ ಏರಿದ್ದು ಗೊತ್ತಾಗುತ್ತಿತ್ತು. ‘ಹೊಸಾ ಬಾರ್‌ಮನ್ ದೇವರಂಥವ’ ಎಂದು ಯಾರೋ ಅಂದರು. ಜೋಗಿಂದರ್ ಶರ್ಮಾನ ಕೊನೆಯ ಓವರಿನಲ್ಲಿ ಮಿಸ್ಬಾ ಚೆಂಡನ್ನು ಹಿಂದಕ್ಕೆ ಎತ್ತಿದ, ಶ್ರೀಶಾಂತ್ ಹಿಡಿದ, ಐದು ರನ್ನಿನ ಗೆಲುವು. ಟೇಬಲ್ಲೊಂದು ಇಡಿಯಾಗಿ ಮೇಲೆದ್ದು ಮಗುಚಿತು. ಆ ಸದ್ದಿನಲ್ಲಿ ಏಳು ಗ್ಲಾಸು ಹೋದವು.

ರಾತ್ರಿ ಬಾಗಿಲು ಹಾಕಿದ ಮೇಲೆ ಲೆಕ್ಕ. ಒಂದು ಬ್ರ್ಯಾಂಡಿನ ಮೂರು ಫುಲ್ ಖಾಲಿ. ಬಿಲ್ಲಿನಲ್ಲಿ ಮೂವತ್ಮೂರು ಲಾರ್ಜ್. ಶೆಟ್ರು ಕ್ಯಾಲ್ಕುಲೇಟರ್ ಮುಟ್ಟದೆ, ‘ಮೂವತ್ತೇಳೂವರೆ ಬರ್ಬೇಕಿತ್ತು. ನಾಲ್ಕೂವರೆ ಎಲ್ಲಿ?’ ಎಂದರು.

ಮೂವತ್ತೇಳೂವರೆ! ಹನ್ನೆರಡನ್ನು ಮೂರರಿಂದ ಗುಣಿಸಿದರೆ ಮೂವತ್ತಾರಲ್ಲವೇ? ಮಹಡಿ ಹತ್ತಿ ಚಾಪೆಯ ಮೇಲೆ ಬಿದ್ದುಕೊಂಡು ಆಗ ಮೊದಲ ಬಾರಿ ಭಾಗಾಕಾರ ಮಾಡಿದೆ. 750ನ್ನು 60ರಿಂದ ಭಾಗಿಸಿದರೆ ಹನ್ನೆರಡೂವರೆ. ನಾನು ಮೊದಲ ದಿನ, ಮೊದಲ ಪ್ರಶ್ನೆಗೇ ತಪ್ಪು ಉತ್ತರ ಕೊಟ್ಟಿದ್ದೆ. ಶೆಟ್ರು ತಲೆ ಎತ್ತಿದ್ದು ಅದಕ್ಕೇ. ಹಾಗಾದರೆ ನನ್ನನ್ನು ಯಾಕೆ ಇಟ್ಟುಕೊಂಡರು? ಆ ಪ್ರಶ್ನೆ ನನ್ನ ಜೊತೆ ದಿನಾ ಮಲಗಿ ದಿನಾ ಏಳತೊಡಗಿತು. ಕೇಳೋಣವೆಂದರೆ, ಕೇಳುವುದು ಹೇಗೆ?

ಇಂಥ ಸುಳ್ಳುಗಳಲ್ಲಿ ದೊಡ್ಡವರೂ ಇದ್ದಾರೆಂದು ಪತ್ರಿಕೆ ಕೆಲಸಕ್ಕೆ ಬಂದಮೇಲೆ ಓದಿ ತಿಳಿದೆ. ಯಾಹೂ ಕಂಪನಿಗೆ 2012ರ ಜನವರಿಯಲ್ಲಿ ಮುಖ್ಯಸ್ಥನಾಗಿ ಬಂದ ಸ್ಕಾಟ್ ಥಾಂಪ್ಸನ್, ಓದದ ಕಂಪ್ಯೂಟರ್ ಸೈನ್ಸ್ ಪದವಿಯೊಂದು ತನ್ನ ಪರಿಚಯ ಪತ್ರದಲ್ಲಿ ಸೇರಿಕೊಂಡಿದ್ದು ಬಯಲಾಗಿ ಮೇ ತಿಂಗಳಲ್ಲಿ ಹೊರಟುಹೋದ. ನಮ್ಮಲ್ಲೇ 2022ರ ನವೆಂಬರಿನಲ್ಲಿ ಆಕ್ಸೆಂಚರ್‌ ಸಂಸ್ಥೆಯು ನಕಲಿ ಅನುಭವ ಪತ್ರ ಕೊಟ್ಟು ಸೇರಿದ್ದವರನ್ನು ಕೆಲಸದಿಂದ ತೆಗೆದದ್ದಾಗಿ ಹೇಳಿತು. ಅವರದು ಕಾಗದದ ಸುಳ್ಳು. ಖೊಟ್ಟಿ ದಾಖಲೆ ಮಾಡಿ ಕೊಟ್ಟರೆ ಅದು ಶಿಕ್ಷೆಯಾಗುವ ಅಪರಾಧ. ಕಾಗದವಾದರೆ ವರ್ಷಗಟ್ಟಲೆ ಕಪಾಟಿನಲ್ಲಿ ಬೆಚ್ಚಗೆ ಕೂತಿರಬಹುದು. ಬಾರಿನ ಸುಳ್ಳಿಗೆ ಅಷ್ಟು ಆಯುಷ್ಯವಿಲ್ಲ. ಮೊದಲ ಬಿಯರಿನ ನೊರೆ ಟೇಬಲ್ಲಿನ ಮೇಲೆ ಉಕ್ಕುವ ತನಕ ಅಷ್ಟೇ.

ಇನ್ನೊಂದು ಬಗೆಯನ್ನೂ ನಾನು ಅದೇ ಬಾರಿನಲ್ಲಿ ಕಂಡೆ. ಹೊಳೆಯಾಚೆ ಹರಿಹರದ ಯಂತ್ರಪುರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶತಮಾನ ತಿರುಗುವ ಹೊತ್ತಿಗೆ ನಿಂತುಹೋಯಿತು. ಅಲ್ಲಿಯ ಲೇತುಗಳು ದೇಶವೆಲ್ಲ ಹೋಗಿದ್ದವು. ಕೆಲಸ ಕಳೆದುಕೊಂಡ ಹಿರಿಯರೊಬ್ಬರು ಸಂಜೆ ಸೇತುವೆ ದಾಟಿ ಬಂದು ಮೂಲೆಯ ಟೇಬಲ್ಲಿನಲ್ಲಿ ಒಂದು ನೈಂಟಿ ಇಟ್ಟುಕೊಂಡು ಕೂರುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಅನುಭವ. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಅದರ ಪತ್ರ. ‘ಎಲ್ಲಿ ಹೋದರೂ ವಯಸ್ಸು ಕೇಳ್ತಾರೆ. ಈಗ ನಾನು ಅನುಭವ ಕಮ್ಮಿ ಮಾಡಿ ಹೇಳ್ತೀನಿ, ಹತ್ತು ವರ್ಷ ಅಂತ’ ಎಂದರು ಒಮ್ಮೆ. ನಾನು ಇಲ್ಲದ್ದನ್ನು ಏರಿಸಿ ಕೆಲಸ ಹಿಡಿದಿದ್ದೆ, ಅವರು ಇದ್ದದ್ದನ್ನು ಇಳಿಸಿಯೂ ಹಿಡಿಯಲಾರದೆ ಕೂತಿದ್ದರು. ಅವತ್ತು ಅವರ ನೈಂಟಿ ತುಸು ನೂರರ ಹತ್ತಿರ ಹೋಯಿತು. ಅದನ್ನು ಅಂದಾಜು ತಪ್ಪಿತು ಎನ್ನಲಾರೆ.

ಅಕ್ಟೋಬರ್ 2, ಮಂಗಳವಾರ. ಗಾಂಧಿ ಜಯಂತಿ. ರಾಜ್ಯದ ಬಾರುಗಳಿಗೆಲ್ಲ ರಜೆ. ಶೆಟ್ರು ದಾವಣಗೆರೆಗೆ ಹೋದರು, ಹುಡುಗರು ಹೊಳೆಗೆ ಬಟ್ಟೆ ಒಗೆಯಲು ಹೋದರು. ನಾನು ಖಾಲಿ ಬಾಟ್ಲಿಯೊಂದಕ್ಕೆ ನೀರು ತುಂಬಿ, ಕಾಣಲೆಂದು ಸ್ವಲ್ಪ ಚಹಾದ ಡಿಕಾಕ್ಷನ್ ಬೆರೆಸಿ, ಕೌಂಟರಿನ ಹಿಂದೆ ನಿಂತೆ. ಪಾನನಿಷೇಧಕ್ಕಾಗಿ ಬದುಕು ಸವೆಸಿದವರ ಹುಟ್ಟುಹಬ್ಬದ ದಿನ ನಾನು ಪೆಗ್ಗು ಅಳೆಯುವುದನ್ನು ಕಲಿಯಲು ಶುರು ಮಾಡಿದೆ. ಸುರಿಯುವುದು, ಎಣಿಸುವುದು, ಮತ್ತೆ ಬಾಟ್ಲಿಗೆ ಹಾಕುವುದು. ಮೊದಲ ಸಲ ಹತ್ತು ಮುಕ್ಕಾಲು. ಆಮೇಲೆ ಹನ್ನೊಂದು.

‘ಎರಡು ವರ್ಷ ಮಾಡಿದವನಿಗೆ ಇದೆಂತ ಅಭ್ಯಾಸ?’

ಅಜ್ಜ. ಹೊಳೆಗೆ ಹೋಗಿರಲಿಲ್ಲ.

‘ದಾವಣಗೆರ್ಯಾಗಿನ ಪೆಗ್ಗು ಬ್ಯಾರೆ ನಮೂನಿ ಇತ್ತಜ್ಜ’ ಎಂದೆ. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ. ಅರವತ್ತು ಎಂ.ಎಲ್. ಯಾವ ಊರಿನಲ್ಲಾದರೂ ಅರವತ್ತೇ. ಅಳತೆಯ ಪೆಗ್ಗಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಬೀಳಬೇಕು, ಮುದ್ರೆಯಿಲ್ಲದ ಅಳತೆ ಇಟ್ಟುಕೊಂಡರೆ ಇನ್‌ಸ್ಪೆಕ್ಟರ್ ಕೇಸು ಹಾಕುತ್ತಾರೆ.

ಅಜ್ಜ ನನ್ನ ಮಾತನ್ನು ಕೇಳಿಸಿಕೊಂಡ ಹಾಗೆ ಮಾಡಲಿಲ್ಲ. ಪೆಗ್ಗನ್ನು ನನ್ನ ಕೈಯಿಂದ ತೆಗೆದುಕೊಂಡರು. ಎರಡು ಬೆರಳಲ್ಲಿ ಅಂಚನ್ನು ಹಿಡಿದು, ಗ್ಲಾಸಿನ ನೇರ ಮೇಲಕ್ಕೆ ತಂದು, ಕಣ್ಣಿನ ಎತ್ತರಕ್ಕೆ ಇಟ್ಟು ಸುರಿದರು. ಕಂಠಕ್ಕೆ ಬಂದು ನಿಂತ ಮೇಲೆ ಒಂದು ಉಸಿರು ಕಾದು ಮಗುಚಿದರು. ಮತ್ತೊಮ್ಮೆ. ಮಗದೊಮ್ಮೆ. ಹನ್ನೆರಡಾದ ಮೇಲೆ ಬಾಟ್ಲಿಯಲ್ಲಿ ಉಳಿದದ್ದನ್ನು ಚಿಕ್ಕ ಪೆಗ್ಗಿಗೆ ಸುರಿದರು. ಸರಿಯಾಗಿ ಒಂದು ಸ್ಮಾಲ್. ಆಮೇಲೆ ಅದೇ ನೀರನ್ನು ಇನ್ನೊಂದು ಬಗೆಯಲ್ಲಿ ಅಳೆದು ತೋರಿಸಿದರು. ಹೆಬ್ಬೆರಳು ಪೆಗ್ಗಿನ ಒಳಗೆ ಚೂರು ಇಳಿದಿತ್ತು, ಕಂಠ ತುಂಬುವ ಮೊದಲೇ ಕೈ ಮಗುಚಿತ್ತು. ನೋಡುವವನಿಗೆ ಎರಡೂ ಒಂದೇ. ‘ಹೀಗೆ ಉಳಿದದ್ದು ಬಿಲ್ಲಿಗೆ ಬರೂದಿಲ್ಲ. ಕಿಸೆಗೆ ಹೋಗ್ತದೆ. ನೋಡಿ ಇಟ್ಕೋ, ಮಾಡ್ಬೇಡ’ ಎಂದರು.

ಅವತ್ತು ಅಜ್ಜ ತಮ್ಮ ಕಥೆ ಸ್ವಲ್ಪ ಬಿಚ್ಚಿದರು. ಹದಿಮೂರನೇ ವಯಸ್ಸಿಗೆ ಮನೆಯಲ್ಲಿ ಹೇಳದೆ ಮುಂಬೈ ಬಸ್ಸು ಹತ್ತಿ, ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವರು. ಮುಂಬೈಯ ಆ ರಾತ್ರಿ ಶಾಲೆಗಳ ಬೆಂಚುಗಳಲ್ಲಿ ಕೂತು ಓದಿದ ಹೋಟೆಲ್ ಮಾಣಿಗಳಲ್ಲಿ ಮುಂದೆ ವಕೀಲರಾದವರೂ ಹೋಟೆಲಿನ ಮಾಲೀಕರಾದವರೂ ಇದ್ದಾರೆ. ಅಜ್ಜ ಏನೂ ಆಗಲಿಲ್ಲ, ಒಳ್ಳೆಯ ಸಪ್ಲೈಯರ್ ಆದರು. ಮೊದಲ ಸಲ ಪರ್ಮಿಟ್ ರೂಮಿಗೆ ಕೆಲಸ ಕೇಳಿಕೊಂಡು ಹೋದಾಗ, ಅನುಭವ ಉಂಟಾ ಎಂದು ಕೇಳಿದರಂತೆ. ‘ನೀವೇನಂದ್ರಿ?’ ಎಂದೆ. ಅಜ್ಜ ಡಿಕಾಕ್ಷನ್ ನೀರನ್ನು ಮೋರಿಗೆ ಚೆಲ್ಲಿ, ಬಾಟ್ಲಿ ತೊಳೆಯಲು ಹೋದರು.

ಈಗ ಕೈಗೆ ಬಂದ ವಿದ್ಯೆಗೂ ಕಾಗದ ಮಾಡಿಸಿಕೊಳ್ಳಬಹುದು. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಯಲ್ಲಿ ಕಲಿಯದೆ ಕೆಲಸದಲ್ಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡಿದೆ. ಒಳ್ಳೆಯದೇ. ನಾನು ಕಂಡ ಬಾರುಗಳಲ್ಲಿ ಮಾತ್ರ ಈಗಲೂ ಮೊದಲ ಪ್ರಶ್ನೆ ಬಾಯಲ್ಲೇ ಬರುತ್ತದೆ, ಉತ್ತರವೂ ಬಾಯಲ್ಲೇ ಹೋಗುತ್ತದೆ. ಬದಲಾಗಿರುವುದು ಬೇರೆ ಸಂಗತಿಗಳು. ಅಂದು ಹತ್ತರ ನೋಟು ಚಾಚುತ್ತಿದ್ದವರಿಗೆ ಈಗ 90 ಎಂ.ಎಲ್.ನ ಟೆಟ್ರಾ ಪ್ಯಾಕು ಇದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿದಾಗ, ಮರುವರ್ಷ ಸಣ್ಣ ಊರುಗಳಿಗೆ ಅದು 220 ಮೀಟರ್ ಆದಾಗ, ಹಳೇ ಪೂನಾ-ಬೆಂಗಳೂರು ರಸ್ತೆಯ ಉದ್ದಕ್ಕೂ ಬಾರಿನವರು ಟೇಪು ಹಿಡಿದು ಓಡಾಡಿದರು. ಅಳೆಯುವುದು ಬಾರಿನವರಿಗೆ ಹೊಸದಲ್ಲ, ಆ ಸಲ ಮೀಟರಿನಲ್ಲಿ ಅಳೆದರು, ಅಷ್ಟೆ.

ಸಂಬಳ ಬಂದದ್ದು ಅಕ್ಟೋಬರ್ 10ಕ್ಕೆ. ಹಿಂದಿನ ದಿನವಷ್ಟೇ ರಾಜ್ಯಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಇಪ್ಪತ್ತು ತಿಂಗಳು ನಾನು, ಇಪ್ಪತ್ತು ತಿಂಗಳು ನೀನು ಎಂದು ಮಾತಾಗಿದ್ದ ‘20-20’ ಸರ್ಕಾರ ಮೊದಲ ಇನಿಂಗ್ಸಿಗೇ ಮುಗಿದಿತ್ತು. ಕೊಟ್ಟ ಮಾತು, ತಪ್ಪಿದ ಮಾತು ಎಂದು ಎಲ್ಲ ಟೇಬಲ್ಲಿನಲ್ಲೂ ಗದ್ದಲ. ಯಾರು ಸುಳ್ಳು ಹೇಳಿದರು ಎಂಬ ವಿಷಯದಲ್ಲಿ ಒಂದು ಗುಂಪು ಕಾಲರ್ ಹಿಡಿಯುವವರೆಗೆ ಹೋಗಿತ್ತು. ಅವರನ್ನು ಬಿಡಿಸಿ ಬಂದು ಕ್ಯಾಷ್ ಟೇಬಲ್ಲಿನ ಮುಂದೆ ನಿಂತೆ.

ಶೆಟ್ರು ನೋಟು ಎಣಿಸಿ ಕೊಟ್ಟರು. ಪಕ್ಕಕ್ಕೆ ಹೋಗಿ ನಾನೂ ಎಣಿಸಿದೆ. ಸಾವಿರದ ಇನ್ನೂರು.

ಒಡೆದ ಏಳು ಗ್ಲಾಸಿಗೆ, ಕಡಿಮೆ ಬಿದ್ದ ನಾಲ್ಕೂವರೆ ಲಾರ್ಜಿಗೆ ಹಿಡಿದರೇನೋ ಎಂದುಕೊಂಡೆ. ಸಂಬಳದ ಪುಸ್ತಕ ಅಲ್ಲೇ ತೆರೆದಿತ್ತು. ನನ್ನ ಹೆಸರಿನ ಮುಂದೆ ಕಟ್ ಎಂಬ ಜಾಗ ಖಾಲಿ. ಅದರ ಹಿಂದಿನ ಜಾಗದಲ್ಲಿ, ಸೇರಿದ ದಿನದ ತಾರೀಖಿನ ಪಕ್ಕದಲ್ಲಿ, ಶೆಟ್ರ ಗುಂಡು ಅಕ್ಷರದಲ್ಲಿ ‘ಹೊಸಬ’ ಎಂದಿತ್ತು. ಶಾಯಿ ಹಳೆಯದು. ಅವತ್ತೇ ಬರೆದದ್ದು.

ಆರುನೂರು ಹೋದದ್ದಕ್ಕೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಹೆಗಲ ಮೇಲಿಂದ ಮೂಟೆ ಇಳಿಸಿದವನ ಹಾಗೆ ಕೈಕಾಲು ಸಡಿಲಾದವು. ಒಂದು ತಿಂಗಳಿಂದ ಬಾಯಲ್ಲಿ ಹಿಡಿದಿಟ್ಟುಕೊಂಡದ್ದೆಲ್ಲ ನಾಲಗೆಯ ತುದಿಗೆ ಬಂತು.

‘ಶೆಟ್ರ, ಒಂದು ಕೇಳ್ಲ್ಯಾ?’

‘ಕೇಳು ಮಾರಾಯ.’

‘ಅವತ್ತ ಫುಲ್‌ಗೆ ಹನ್ನೆರಡು ಲಾರ್ಜ್ ಅಂದ್ನಲ್ರಿ. ಅದು ಹನ್ನೆರಡೂವರೆ. ಉತ್ತರಾ ತಪ್ಪಾದ್ರೂ ನನ್ನ ಯಾಕ ಇಟ್ಕೊಂಡ್ರಿ?’

ಶೆಟ್ರು ಡ್ರಾವರಿನ ಕೀಲಿ ತಿರುಗಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

‘ನಿನ್ನ ಮುಂಚೆ ಮೂರು ಜನ ಬಂದಿದ್ರು. ಎಲ್ರಿಗೂ ಅನುಭವ ಉಂಟು’ ಎಂದರು. ‘ಮೂವರೂ ಹದಿಮೂರು ಅಂದ್ರು.’